ಅದು ಹೇಗೆ ಗೊತ್ತು? ಬಾದಾಮಿಯಿಂದ ಇಳಕಲ್‌ವರೆಗೆ ನಾಲ್ಕು ಬಗೆಯ ಸಂಶೋಧನೆ

ಬಾದಾಮಿಯ ಮೂರನೆಯ ಗುಹಾಲಯವನ್ನು ನೀವು ನೋಡಿರಬಹುದು. ಅದರ ಗೋಡೆಗೆ ವಯಸ್ಸೆಷ್ಟು ಎಂದು ಇಬ್ಬರನ್ನು ಕೇಳಿ ನೋಡಿ. ಇತಿಹಾಸದ ಅಧ್ಯಾಪಕರಾದರೆ ಕ್ರಿ.ಶ. 578 ಎಂದು ಥಟ್ಟನೆ ಹೇಳುತ್ತಾರೆ. ಭೂವಿಜ್ಞಾನಿಯಾದರೆ ಅದೇ ಗೋಡೆಯನ್ನು ಮುಟ್ಟಿ ಕೋಟಿಗಟ್ಟಲೆ ವರ್ಷಗಳ ಮಾತಾಡುತ್ತಾರೆ. ಇಬ್ಬರದೂ ಸರಿಯೇ. ಒಬ್ಬರು ಹೇಳಿದ್ದು ಕಲ್ಲನ್ನು ಕೊರೆದ ಕಾಲ, ಇನ್ನೊಬ್ಬರು ಹೇಳಿದ್ದು ಮರಳು ಕಲ್ಲಾದ ಕಾಲ. ಆದರೆ ವಿದ್ಯಾರ್ಥಿಯಾದವರು ಅಲ್ಲಿಗೇ ಸುಮ್ಮನಾಗಬಾರದು. ‘ಅದು ನಿಮಗೆ ಹೇಗೆ ಗೊತ್ತು?’ ಎಂದು ಇಬ್ಬರನ್ನೂ ಕೇಳಬೇಕು. ಸಂಶೋಧನೆ ಎನ್ನುವುದು ಶುರುವಾಗುವುದೇ ಆ ಪ್ರಶ್ನೆಯಿಂದ.

ಸಂಶೋಧನೆ ಎಂದೊಡನೆ ನಮ್ಮ ಮಕ್ಕಳ ಕಣ್ಣ ಮುಂದೆ ಪ್ರನಾಳ, ಸೂಕ್ಷ್ಮದರ್ಶಕ, ಬಿಳಿ ಕೋಟು ಬರುತ್ತವೆ. ಇತಿಹಾಸವೆಂದರೆ ಇಸವಿಗಳನ್ನು ಬಾಯಿಪಾಠ ಮಾಡುವುದು, ಅರ್ಥಶಾಸ್ತ್ರವೆಂದರೆ ಕೋಷ್ಟಕ ಬರೆಯುವುದು, ಬೇಸಾಯವೆಂದರೆ ಮನೆಯ ಹಿರಿಯರಿಂದ ಕಲಿಯುವುದು ಎಂದು ನಾವೇ ಅವರಿಗೆ ಹೇಳಿಕೊಟ್ಟಿದ್ದೇವೆ. ಪ್ರಾಜೆಕ್ಟ್ ಬರೆಯುವ ದಿನ ಬಂದಾಗ ಹುಡುಗರು ಹಿಂದಿನ ವರ್ಷದ ಪ್ರತಿಯನ್ನು ನಕಲು ಮಾಡುವುದಕ್ಕೆ ಇದೂ ಒಂದು ಕಾರಣ. ಬಾದಾಮಿ, ಬಾಗಲಕೋಟೆ, ಹುನಗುಂದ, ಇಳಕಲ್ ಈ ನಾಲ್ಕು ಊರುಗಳ ನಡುವೆ ಒಂದೇ ದಿನ ಬಸ್ಸಿನಲ್ಲಿ ತಿರುಗಾಡಿ ಬರಬಹುದು. ಅಷ್ಟರಲ್ಲೇ ಇತಿಹಾಸ, ಭೂವಿಜ್ಞಾನ, ಅರ್ಥಶಾಸ್ತ್ರ, ಕೃಷಿ ವಿಜ್ಞಾನ ನಾಲ್ಕಕ್ಕೂ ಸಾಕಾಗುವಷ್ಟು ಪ್ರಶ್ನೆಗಳಿವೆ. ಅವುಗಳಲ್ಲಿ ಕೆಲವಕ್ಕೆ ಸಿಕ್ಕ ಉತ್ತರದ ಮೇಲೆ ಸಾವಿರಾರು ಮನೆಗಳ ಬದುಕು ನಿಂತಿದೆ.

ಬಂಡೆಯ ಮೇಲಿನ ತಾರೀಖು

ಮೊದಲು ಇತಿಹಾಸಕಾರರ ಉತ್ತರವನ್ನು ನೋಡೋಣ. ಮೂರನೆಯ ಗುಹೆಯಲ್ಲಿ ಮಂಗಲೇಶನ ಶಾಸನವಿದೆ. ಶಕ ವರ್ಷ 500 ಕಳೆದಾಗ, ಕಾರ್ತಿಕ ಹುಣ್ಣಿಮೆಯಂದು, ತನ್ನ ಅಣ್ಣ ಕೀರ್ತಿವರ್ಮನ ಆಳ್ವಿಕೆಯ 12ನೆಯ ವರ್ಷದಲ್ಲಿ ಈ ವಿಷ್ಣುಗೃಹವನ್ನು ಮಾಡಿಸಿದ್ದಾಗಿ ಅದು ತಿಳಿಸುತ್ತದೆ. ಶಕ ವರ್ಷಕ್ಕೆ 78 ಕೂಡಿಸಿದರೆ ಕ್ರಿ.ಶ. 578. ಅಷ್ಟೇ ಅಲ್ಲ, 12ನೆಯ ವರ್ಷ ಎಂಬ ಮಾತಿನಿಂದ ಹಿಂದಕ್ಕೆ ಎಣಿಸಿದರೆ ಕೀರ್ತಿವರ್ಮ ಪಟ್ಟಕ್ಕೆ ಬಂದದ್ದು 566-67ರ ಸುಮಾರಿಗೆ ಎಂದೂ ತಿಳಿಯುತ್ತದೆ. ಇದು ಎಂಟನೆಯ ತರಗತಿಯ ಮಕ್ಕಳೂ ಮಾಡಬಹುದಾದ ಲೆಕ್ಕ.

ಹಾಗಾದರೆ ಕೀರ್ತಿವರ್ಮನ ತಂದೆ ಒಂದನೆಯ ಪುಲಕೇಶಿ ಯಾವಾಗ ಆಳಿದ? ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಭಾಗದ ರಾಜವಂಶಗಳ ಚರಿತ್ರೆ ಬರೆದ ಜೆ. ಎಫ್. ಫ್ಲೀಟ್ ಅವರ ಕೈಯಲ್ಲಿ ಪುಲಕೇಶಿಯ ತಾರೀಖಿದ್ದ ಶಾಸನ ಇರಲಿಲ್ಲ. ಮಗನ ಕಾಲದಿಂದ ಹಿಂದಕ್ಕೆ ಎಣಿಸಿ ಅವರು ಸುಮಾರು 550 ಎಂದು ಅಂದಾಜಿಸಿದರು. ಅದು ಒಳ್ಳೆಯ ಅಂದಾಜೇ. ಆದರೂ ಅಂದಾಜು ಅಂದಾಜೇ. 1941ರಲ್ಲಿ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ಆರ್. ಎಸ್. ಪಂಚಮುಖಿಯವರು ಬಾದಾಮಿಯ ಕೋಟೆಯ ಬಂಡೆಯೊಂದರ ಮೇಲೆ ಶಾಸನವೊಂದನ್ನು ಗುರುತಿಸಿದರು. ಶಕ 465ರಲ್ಲಿ ಚಾಲುಕ್ಯ ವಲ್ಲಭೇಶ್ವರನು ವಾತಾಪಿಯ ಬೆಟ್ಟವನ್ನು ಮೇಲಿನಿಂದಲೂ ಕೆಳಗಿನಿಂದಲೂ ಶತ್ರುಗಳಿಗೆ ಅಸಾಧ್ಯವಾದ ದುರ್ಗವನ್ನಾಗಿ ಮಾಡಿದ ಎಂಬುದು ಅದರ ತಾತ್ಪರ್ಯ. 465ಕ್ಕೆ 78 ಕೂಡಿಸಿ: 543. ಊರಿನ ನೆತ್ತಿಯ ಮೇಲೇ ಇದ್ದ ಒಂದು ಬಂಡೆ ಪುಸ್ತಕದ ಇಸವಿಯನ್ನು ತಿದ್ದಿತು. ಈಗ ಎಲ್ಲ ಪಠ್ಯಪುಸ್ತಕಗಳಲ್ಲೂ ಇರುವುದು ಈ 543.

ಬಾದಾಮಿಯಿಂದ ಪಟ್ಟದಕಲ್ಲಿನ ಮೇಲೆ ಹಾದು ಹುನಗುಂದ ತಾಲ್ಲೂಕಿನ ಐಹೊಳೆಗೆ ಬನ್ನಿ. ಮೇಗುತಿ ಗುಡ್ಡದ ಜಿನಾಲಯದ ಗೋಡೆಯಲ್ಲಿ ರವಿಕೀರ್ತಿಯ ಪ್ರಸಿದ್ಧ ಶಾಸನವಿದೆ. ಅದರಲ್ಲಿ ಕಾಲವನ್ನು ಎರಡು ರೀತಿಯಲ್ಲಿ ಹೇಳಿದೆ: ಶಕ 556, ಮತ್ತು ಭಾರತ ಯುದ್ಧದಿಂದ 3735 ವರ್ಷ. ಮೊದಲನೆಯದಕ್ಕೆ 78 ಕೂಡಿಸಿದರೆ 634. ಎರಡನೆಯದು ಕಲಿವರ್ಷದ ಎಣಿಕೆ. ಅದರಿಂದ 3101 ಕಳೆದರೆ ಅದೂ 634. ಎರಡು ಲೆಕ್ಕಗಳು ತಾಳೆಯಾದವು, ಆದ್ದರಿಂದ ಶಾಸನದ ಕಾಲದ ಬಗ್ಗೆ ಅನುಮಾನವಿಲ್ಲ. ಆದರೆ ಇಲ್ಲಿ ಸ್ವಲ್ಪ ಎಚ್ಚರ ಬೇಕು. ಇದರಿಂದ ಭಾರತ ಯುದ್ಧದ ಕಾಲವೂ ಸಾಬೀತಾಯಿತು ಎಂದು ಕೆಲವರು ಭಾಷಣ ಮಾಡುವುದುಂಟು. ಶಾಸನದಿಂದ ಸಾಬೀತಾಗುವುದು, ಏಳನೆಯ ಶತಮಾನದ ವಿದ್ವಾಂಸರು ಆ ಯುದ್ಧವನ್ನು ಎಷ್ಟು ಹಿಂದಿನದೆಂದು ನಂಬಿದ್ದರು ಎಂಬುದು ಮಾತ್ರ. ಒಂದು ಆಧಾರ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂದು ಬೇರ್ಪಡಿಸುವುದು ಇತಿಹಾಸದ ಸಂಶೋಧಕನ ಮೊದಲ ಪಾಠ.

ಇದೇ ಶಾಸನ ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ್ದನ್ನು ಹಾಡಿ ಹೊಗಳುತ್ತದೆ. ಯುದ್ಧ ನಡೆದದ್ದು ಯಾವ ವರ್ಷ ಎಂಬುದನ್ನು ಮಾತ್ರ ಹೇಳುವುದಿಲ್ಲ. ಪುಲಕೇಶಿ ಪಟ್ಟಕ್ಕೆ ಬಂದದ್ದು ಸುಮಾರು 610ರಲ್ಲಿ, ಶಾಸನ 634ರದ್ದು. ಆದ್ದರಿಂದ ಯುದ್ಧ ಈ 24 ವರ್ಷಗಳ ನಡುವೆ ಎಲ್ಲೋ ನಡೆದಿರಬೇಕು. 612 ಎಂದು ಕೆಲವರು, 630ರ ಆಚೆ ಎಂದು ಕೆಲವರು ವಾದಿಸುತ್ತ ಬಂದರು. 2016ರಲ್ಲಿ ಪುಣೆಯ ಭಂಡಾರಕರ್ ಪ್ರಾಚ್ಯವಿದ್ಯಾ ಸಂಶೋಧನ ಸಂಸ್ಥೆಯ ವಿದ್ವಾಂಸರು ಪುಲಕೇಶಿಯ ಒಂದು ತಾಮ್ರಪಟವನ್ನು ಓದಿ ಪ್ರಕಟಿಸಿದರು. ಅದರ ತಾರೀಖು 619ರ ಏಪ್ರಿಲ್ 4ಕ್ಕೆ ಸರಿಹೊಂದುತ್ತದೆ. ಹರ್ಷನ ಸೋಲಿನ ಮಾತು ಅದರಲ್ಲಾಗಲೇ ಇದೆ. ಅಲ್ಲಿಗೆ 24 ವರ್ಷದ ಕಿಂಡಿ 9 ವರ್ಷಕ್ಕೆ ಇಳಿಯಿತು. ಯುದ್ಧ 618-19ರ ಚಳಿಗಾಲದಲ್ಲಿ ನಡೆದಿರಬೇಕೆಂಬುದು ಆ ವಿದ್ವಾಂಸರ ಮತ. ಅವರ ಮತವನ್ನು ನೀವು ಒಪ್ಪಬಹುದು, ಬಿಡಬಹುದು. 619ರ ನಂತರ ಅಲ್ಲ ಎಂಬುದನ್ನು ಮಾತ್ರ ತಾಮ್ರಪಟ ಇರುವ ತನಕ ಒಪ್ಪಲೇಬೇಕು.

ಐಹೊಳೆಯನ್ನು ಬಿಡುವ ಮೊದಲು ಇನ್ನೊಂದು ಸಂಗತಿ. ಅಲ್ಲಿನ ‘ದುರ್ಗ ಗುಡಿ’ಯನ್ನು ಪ್ರವಾಸಿಗರು ದುರ್ಗಾದೇವಿಯ ಗುಡಿ ಎಂದೇ ತಿಳಿಯುತ್ತಾರೆ. ಆ ಹೆಸರು ಬಂದದ್ದು ಕೋಟೆ ಎಂಬ ಅರ್ಥದ ‘ದುರ್ಗ’ದಿಂದ. ಗುಡಿಯ ಹಿಂಭಾಗ ಗುಂಡಾಗಿ, ಆನೆಯ ಬೆನ್ನಿನಂತೆ ಇರುವುದರಿಂದ ಅದು ಮೂಲದಲ್ಲಿ ಬೌದ್ಧರದು ಎಂದು ಹತ್ತೊಂಬತ್ತನೆಯ ಶತಮಾನದಲ್ಲಿ ಬರೆದವರೂ ಇದ್ದರು. ಹೊರಬಾಗಿಲಿನ ಶಾಸನ ಓದಿದಾಗ ತಿಳಿದದ್ದೇ ಬೇರೆ: ಅದು ಕೋಮಾರಸಿಂಗ ಎಂಬಾತ ಕಟ್ಟಿಸಿದ ಆದಿತ್ಯನ, ಅಂದರೆ ಸೂರ್ಯನ ಗುಡಿ. ಹೆಸರಿನ ಸಾಮ್ಯ, ಆಕಾರದ ಸಾಮ್ಯ ಇವೆರಡೂ ದಾರಿ ತಪ್ಪಿಸಬಲ್ಲವು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಜಿಲ್ಲೆಯಲ್ಲಿ ಸಿಗುವುದು ಕಷ್ಟ.

ಕಲ್ಲಿನ ಒಳಗಿನ ಗಡಿಯಾರ

ಈಗ ಭೂವಿಜ್ಞಾನಿಯನ್ನು ಕೇಳೋಣ. ಬಾದಾಮಿಯ ಕೆಂಪು ಬೆಟ್ಟಗಳನ್ನು ನೋಡಿ: ಪದರಗಳು ಹೆಚ್ಚುಕಡಿಮೆ ಮಟ್ಟಸವಾಗಿ ಒಂದರ ಮೇಲೊಂದು ಮಲಗಿವೆ. ಬಾಗಲಕೋಟೆಯ ಸುತ್ತಿನ ಬೆಣಚು ಶಿಲೆ, ಸುಣ್ಣಕಲ್ಲುಗಳ ಪದರಗಳು ಹಾಗಲ್ಲ. ಹಲವೆಡೆ ಬಾಗಿವೆ, ಓರೆಯಾಗಿ ಎದ್ದು ನಿಂತಿವೆ. ಕೆಳಗಿನ ಪದರಗಳು ಮೊದಲು ಮಡಿಸಿಕೊಂಡು, ಸವೆದು, ಆಮೇಲೆ ಅವುಗಳ ಮೇಲೆ ಹೊಸ ಮರಳು ಬಂದು ಕೂತಿದ್ದರೆ ಮಾತ್ರ ಹೀಗಾಗಲು ಸಾಧ್ಯ. ಆದ್ದರಿಂದ ಮೊದಲಿನದನ್ನು ಬಾಗಲಕೋಟೆ ಗುಂಪು, ಅದರ ಮೇಲಿನ ಕಿರಿಯದನ್ನು ಬಾದಾಮಿ ಗುಂಪು ಎಂದು ವಿಂಗಡಿಸಿದ್ದಾರೆ. ಎರಡೂ ಸೇರಿದ ಶಿಲಾಸಮೂಹಕ್ಕೆ ಕಲಾದಗಿಯ ಹೆಸರಿದೆ. ಆ ಹೆಸರನ್ನು ಬಳಕೆಗೆ ತಂದವರು ರಾಬರ್ಟ್ ಬ್ರೂಸ್ ಫೂಟ್. ಈ ಸೀಮೆಯ ಭೂವಿಜ್ಞಾನವನ್ನು ಕುರಿತ ಅವರ ವರದಿ ಪ್ರಕಟವಾದದ್ದು 1876ರಲ್ಲಿ. ಕಲ್ಲುಗಳ ನಕ್ಷೆ ಬರೆಯಲು ಬಂದ ಈ ಮನುಷ್ಯ ಮಲಪ್ರಭಾ, ಘಟಪ್ರಭಾ ಕಣಿವೆಗಳಲ್ಲಿ ಆದಿಮಾನವರ ಕಲ್ಲಿನ ಆಯುಧಗಳನ್ನೂ ಗುರುತಿಸಿದರು. ಮುಂದೆ ಪುಣೆಯ ಡೆಕ್ಕನ್ ಕಾಲೇಜಿನ ಆರ್. ವಿ. ಜೋಶಿಯವರು ಮಲಪ್ರಭಾ ಕಣಿವೆಯನ್ನು ಕ್ರಮವಾಗಿ ಅಧ್ಯಯನ ಮಾಡಿ 1955ರಲ್ಲಿ ಪುಸ್ತಕ ಪ್ರಕಟಿಸಿದರು. ಭೂವಿಜ್ಞಾನ ಎಲ್ಲಿ ಮುಗಿಯಿತು, ಇತಿಹಾಸ ಎಲ್ಲಿ ಶುರುವಾಯಿತು ಎಂದು ಇಲ್ಲಿ ಗೆರೆ ಹಾಕಲು ಬರುವುದಿಲ್ಲ.

ಯಾವುದು ಹಿರಿಯದು, ಯಾವುದು ಕಿರಿಯದು ಎಂದು ಗೊತ್ತಾಯಿತು. ಎಷ್ಟು ವರ್ಷ? ಇಲ್ಲಿ ವಿಕಿರಣಪಟು ಧಾತುಗಳ ಸಹಾಯ ಬೇಕು. ಯುರೇನಿಯಂ-238 ನಿಧಾನವಾಗಿ ಸೀಸವಾಗುತ್ತದೆ; ಅದರ ಅರ್ಧಾಯು ಸುಮಾರು 447 ಕೋಟಿ ವರ್ಷ. ಪೊಟ್ಯಾಸಿಯಂ-40ರ ಒಂದು ಭಾಗ ಆರ್ಗಾನ್ ಅನಿಲವಾಗುತ್ತದೆ. ಅದರ ಅರ್ಧಾಯು ಸುಮಾರು 125 ಕೋಟಿ ವರ್ಷ. ಕರಗಿದ ಶಿಲೆ ಗಟ್ಟಿಯಾದ ಮೇಲೆ ಈ ಆರ್ಗಾನ್ ಹೊರಗೆ ಹೋಗಲಾರದೆ ಹರಳುಗಳೊಳಗೆ ಸಿಕ್ಕಿಬೀಳುತ್ತದೆ. ಅದನ್ನು ಅಳೆದರೆ ಕಲ್ಲು ಗಟ್ಟಿಯಾಗಿ ಎಷ್ಟು ಕಾಲವಾಯಿತೆಂದು ಲೆಕ್ಕ ಹಾಕಬಹುದು.

ಆದರೆ ಮರಳುಗಲ್ಲಿಗೆ ಈ ಗಡಿಯಾರವನ್ನು ನೇರವಾಗಿ ಹಚ್ಚಲು ಬರುವುದಿಲ್ಲ. ಮರಳಿನ ಒಂದೊಂದು ಕಣವೂ ಬೇರೆ ಯಾವುದೋ ಹಳೆಯ ಬಂಡೆಯಿಂದ ಬಂದದ್ದು. ಇಟ್ಟಿಗೆಗೆ ಗೋಡೆಗಿಂತ ವಯಸ್ಸು ಹೆಚ್ಚು, ಅಲ್ಲವೇ? ಕಣಗಳಲ್ಲಿರುವ ಜಿರ್ಕಾನ್ ಹರಳನ್ನು ಅಳೆದರೆ ‘ಕಲ್ಲು ಇದಕ್ಕಿಂತ ಹಳೆಯದಲ್ಲ’ ಎಂದು ಮಾತ್ರ ಹೇಳಬಹುದು. ಇನ್ನೊಂದು ಬದಿಯ ಮಿತಿ ಬೇಕಾದರೆ, ಪದರಗಳನ್ನು ಸೀಳಿಕೊಂಡು ಮೇಲೆದ್ದು ಗಟ್ಟಿಯಾದ ಅಗ್ನಿಶಿಲೆಯ ಗೋಡೆಯನ್ನು ಹುಡುಕಬೇಕು. ಸೀಳಿದ್ದು ಸೀಳಿಸಿಕೊಂಡದ್ದಕ್ಕಿಂತ ಕಿರಿಯದೇ ಆಗಿರಬೇಕು. ಬಾಗಲಕೋಟೆ ಗುಂಪಿನೊಳಗೆ ನುಗ್ಗಿರುವ, ಮಲ್ಲಾಪುರದ ಹೆಸರಿನಿಂದ ಕರೆಯುವ ಅಂಥದೊಂದು ಶಿಲೆಯನ್ನು ಆರ್ಗಾನ್ ವಿಧಾನದಿಂದ ಅಳೆದು 2018ರಲ್ಲಿ ಪ್ರಕಟಿಸಿದ ವಯಸ್ಸು ಸುಮಾರು 115 ಕೋಟಿ ವರ್ಷ. ಅಂದರೆ ಅದು ಸೀಳಿದ ಪದರಗಳು ಅದಕ್ಕಿಂತ ಹಳೆಯವು.

ಈಗ ಹರ್ಷನ ಯುದ್ಧವನ್ನು ನೆನಪಿಸಿಕೊಳ್ಳಿ. ‘ಪಟ್ಟಾಭಿಷೇಕಕ್ಕಿಂತ ಈಚೆ, ತಾಮ್ರಪಟಕ್ಕಿಂತ ಆಚೆ’ ಎಂದು ಇತಿಹಾಸಕಾರರು ಯುದ್ಧವನ್ನು ಎರಡು ಮಿತಿಗಳ ನಡುವೆ ಹಿಡಿದರು. ‘ಜಿರ್ಕಾನ್ ಕಣಕ್ಕಿಂತ ಈಚೆ, ಸೀಳಿದ ಶಿಲೆಗಿಂತ ಆಚೆ’ ಎಂದು ಭೂವಿಜ್ಞಾನಿಗಳು ಪದರವನ್ನು ಹಿಡಿದರು. ಒಂದು ಕಡೆ 9 ವರ್ಷದ ಕಿಂಡಿ, ಇನ್ನೊಂದು ಕಡೆ ಹತ್ತಾರು ಕೋಟಿ ವರ್ಷದ ಕಿಂಡಿ. ತರ್ಕ ಒಂದೇ. ಇದನ್ನು ತರಗತಿಯಲ್ಲಿ ಹೇಳಿದಾಗ, ಸಮಾಜ ವಿಜ್ಞಾನ ಕಲಿಸುವವರೂ ವಿಜ್ಞಾನ ಕಲಿಸುವವರೂ ಒಂದೇ ಪಾಠ ಮಾಡುತ್ತಿದ್ದೇವೆಂದು ಮಕ್ಕಳಿಗೆ ಗೊತ್ತಾಗುತ್ತದೆ.

ಮುಳುಗುವ ಎಕರೆಗೆ ಬೆಲೆ ಎಷ್ಟು?

ಬಾಗಲಕೋಟೆಗೆ ಬಂದರೆ ಪ್ರಶ್ನೆಯ ಬಗೆ ಬದಲಾಗುತ್ತದೆ. ಆಲಮಟ್ಟಿ ಜಲಾಶಯದ ಹಿನ್ನೀರು ಘಟಪ್ರಭೆಯ ಗುಂಟ ಏರಿ ಹಳೆಯ ಊರಿನ ದೊಡ್ಡ ಭಾಗವನ್ನು ನುಂಗಿತು, ನವನಗರ ಎದ್ದಿತು. ಅದರ ಕಥೆ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಅಣೆಕಟ್ಟಿನ ನೀರಿನ ಮಟ್ಟ 519.6 ಮೀಟರ್, ಇದನ್ನು 524.256 ಮೀಟರಿಗೆ ಏರಿಸಬಹುದೆಂದು ಎರಡನೆಯ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ತೀರ್ಪು ಕೊಟ್ಟಿತು. ವ್ಯತ್ಯಾಸ 4.656 ಮೀಟರ್, ಒಂದು ಮಾಳಿಗೆ ಮನೆಗಿಂತ ತುಸು ಹೆಚ್ಚು. ಇಷ್ಟಕ್ಕೆ ಅಷ್ಟು ಗಲಾಟೆಯೇಕೆ ಎಂದು ಮಕ್ಕಳು ಕೇಳಿದರೆ ಕರಿಹಲಗೆಯ ಮೇಲೆ ಒಂದು ತ್ರಿಕೋನ ಬರೆದು ತೋರಿಸಿ. ನೆಲ ಸಾವಿರ ಮೀಟರಿಗೆ ಒಂದು ಮೀಟರಿನಷ್ಟು ಇಳಿಜಾರಾಗಿದ್ದರೆ, ನೀರು 4.656 ಮೀಟರ್ ಏರಿದಾಗ ಅದರ ಅಂಚು ನಾಲ್ಕೂವರೆ ಕಿಲೋಮೀಟರಿಗೂ ಹೆಚ್ಚು ಒಳಕ್ಕೆ ಸರಿಯುತ್ತದೆ.

ಹಾಗೆ ಮುಳುಗುವ ಜಮೀನಿಗೆ ಬೆಲೆ ಕಟ್ಟುವವರು ಯಾರು, ಹೇಗೆ? 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಮೂರನೆಯ ಹಂತದ ಮುಳುಗಡೆಗೆ ನೀರಾವರಿ ಎಕರೆಗೆ 40 ಲಕ್ಷ ರೂಪಾಯಿ, ಒಣಬೇಸಾಯದ ಎಕರೆಗೆ 30 ಲಕ್ಷ ರೂಪಾಯಿ ಎಂದು ನಿರ್ಧರಿಸಿತು. ಇಂಥ ಅಂಕಿಯ ಹಿಂದಿನ ತರ್ಕವನ್ನು ಪರೀಕ್ಷಿಸುವುದು ಅರ್ಥಶಾಸ್ತ್ರದ ಸಂಶೋಧನೆ. ಸರಳವಾದ ಒಂದು ಲೆಕ್ಕ ಮಾಡಿ ನೋಡೋಣ. ಒಂದು ಎಕರೆಯಿಂದ ಖರ್ಚು ಕಳೆದು ವರ್ಷಕ್ಕೆ ಒಂದು ಲಕ್ಷ ಉಳಿಯುತ್ತದೆ ಎಂದುಕೊಳ್ಳಿ (ಇದು ಕೇವಲ ಉದಾಹರಣೆ). ಆ ಆದಾಯ ಎಂದೆಂದೂ ಬರಬೇಕಾದರೆ ಬ್ಯಾಂಕಿನಲ್ಲಿ ಎಷ್ಟು ಇಡಬೇಕು? ಬಡ್ಡಿ ಶೇಕಡಾ 10 ಆದರೆ 10 ಲಕ್ಷ, ಶೇಕಡಾ 5 ಆದರೆ 20 ಲಕ್ಷ, ಶೇಕಡಾ ಎರಡೂವರೆ ಆದರೆ 40 ಲಕ್ಷ. ಹೊಲ ಅದೇ, ಬೆಳೆ ಅದೇ. ಬಡ್ಡಿಯ ದರವನ್ನು ಯಾವುದಿಟ್ಟುಕೊಂಡಿರಿ ಎಂಬುದರ ಮೇಲೆ ಉತ್ತರ ನಾಲ್ಕು ಪಟ್ಟು ಬದಲಾಯಿತು. ವರದಿಯಲ್ಲಿ ಈ ದರ ಎಲ್ಲೋ ಒಂದು ಅಡಿಟಿಪ್ಪಣಿಯಲ್ಲಿ ಅಡಗಿರುತ್ತದೆ. ಸಂಶೋಧಕ ಮೊದಲು ಹುಡುಕಬೇಕಾದದ್ದು ಅದನ್ನೇ.

ಇಷ್ಟಕ್ಕೂ ಈ ಲೆಕ್ಕದಲ್ಲಿ ಹೊಲದ ಒಡೆಯ ಮಾತ್ರ ಇದ್ದಾನೆ. ಆ ಹೊಲದಲ್ಲಿ ಕೂಲಿ ಮಾಡುತ್ತಿದ್ದವರ ದಿನಗಳು, ಊರಿನ ಗಿರಾಕಿಗಳನ್ನೇ ನಂಬಿದ್ದ ಅಂಗಡಿಯವನ ವ್ಯಾಪಾರ, ಪಕ್ಕದ ಮನೆಯವರು ಕೊಡುತ್ತಿದ್ದ ಕೈಗಡ ಇವು ಯಾವ ಕಾಲಮಿನಲ್ಲಿ ಬರುತ್ತವೆ? ಪುನರ್ವಸತಿಯ ಬಗ್ಗೆ ಬರೆಯುವವರು ಮನೆಮನೆಗೆ ಪ್ರಶ್ನಾವಳಿ ಹಿಡಿದು ತಿರುಗುವುದು ಸುಮ್ಮನೆ ಅಲ್ಲ.

ಹಳೆಯ ಅಂಕಿಗಳನ್ನು ಬಳಸುವಾಗಲೂ ಜಾಗ್ರತೆ ಬೇಕು. 1872ರ ಜನಗಣತಿಯಲ್ಲಿ ಅಂದಿನ ಕಲಾದಗಿ ಜಿಲ್ಲೆಯಲ್ಲಿ 8.16 ಲಕ್ಷ ಜನರಿದ್ದರು, 1881ರಲ್ಲಿ 6.38 ಲಕ್ಷ. ನಡುವೆ ಬಂದದ್ದು 1876-78ರ ಭೀಕರ ಬರ. ಐದರಲ್ಲಿ ಒಂದು ಪಾಲಿಗೂ ಹೆಚ್ಚು ಜನ ಕಡಿಮೆಯಾದರು ಎಂಬುದು ಅಂಕಿ ಹೇಳುವ ಮಾತು. ಅವರಲ್ಲಿ ಸತ್ತವರೆಷ್ಟು, ಗುಳೆ ಹೋಗಿ ಮರಳದವರೆಷ್ಟು? ಜನಗಣತಿಯೊಂದರಿಂದಲೇ ಅದಕ್ಕೆ ಉತ್ತರ ಸಿಗದು. ಮರಣ ನೋಂದಣಿ, ಬರ ಪರಿಹಾರ ಕಾಮಗಾರಿಯ ದಾಖಲೆ, ನೆರೆ ಜಿಲ್ಲೆಗಳ ಲೆಕ್ಕ ಎಲ್ಲ ನೋಡಬೇಕು. ಇನ್ನೊಂದು ತೊಡಕೂ ಇದೆ. ಆ ಜಿಲ್ಲೆ ಮುಂದೆ ಬಿಜಾಪುರ ಜಿಲ್ಲೆಯಾಯಿತು. 1997ರಲ್ಲಿ ಅದರಿಂದ ಬಾಗಲಕೋಟೆ ಬೇರೆಯಾಯಿತು. ಈಚೆಗೆ ಹುನಗುಂದದಿಂದ ಇಳಕಲ್ ಪ್ರತ್ಯೇಕ ತಾಲ್ಲೂಕಾಯಿತು. ‘ಹುನಗುಂದ ತಾಲ್ಲೂಕಿನಲ್ಲಿ ಜೋಳದ ಬೆಳೆ ಕಡಿಮೆಯಾಗಿದೆ’ ಎಂದು ಬರೆಯುವ ಮೊದಲು, ಕಡಿಮೆಯಾದದ್ದು ಜೋಳವೋ ತಾಲ್ಲೂಕೋ ಎಂದು ನೋಡಿಕೊಳ್ಳಿ!

ಎರೆ ಹೊಲದಲ್ಲಿ ಚೀಟಿ ಎತ್ತುವುದು

ಹುನಗುಂದದ ಕಡೆಯ ಎರೆಭೂಮಿಯ ಗುಣ ನಿಮಗೆ ಗೊತ್ತೇ ಇದೆ: ಮಳೆ ಬಿದ್ದರೆ ಉಬ್ಬಿ ಕಾಲಿಗೆ ಮೆತ್ತಿಕೊಳ್ಳುತ್ತದೆ, ಒಣಗಿದರೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಈ ಮಣ್ಣಿನಲ್ಲಿ ಮಾಂಟ್‌ಮೊರಿಲ್ಲೊನೈಟ್ ಎಂಬ ಜೇಡಿ ಖನಿಜ ಹೆಚ್ಚು. ಅದರ ತೆಳು ಪದರಗಳ ನಡುವೆ ನೀರು ಸೇರಿಕೊಳ್ಳುವುದರಿಂದ ಮಣ್ಣು ಹಿಗ್ಗುತ್ತದೆ. ವರ್ಷಕ್ಕೆ 600 ಮಿಲಿಮೀಟರಿಗೂ ಕಡಿಮೆ ಮಳೆಯ ಈ ಸೀಮೆಯಲ್ಲಿ ಹಿಂಗಾರಿ ಬಿಳಿಜೋಳ, ಕಡಲೆ, ಕುಸುಬೆ ಬದುಕುವುದು ಮಣ್ಣಿನಲ್ಲಿ ಹೀಗೆ ಕೂಡಿಟ್ಟ ನೀರಿನಿಂದ. ರೈತರು ಬೆಳೆಯ ನಡುವೆ ಎಡೆ ಹೊಡೆಯುವುದು ಕಳೆ ತೆಗೆಯುವುದಕ್ಕಷ್ಟೇ ಅಲ್ಲ. ಮೇಲಿನ ಮಣ್ಣು ಪುಡಿಯಾಗಿ ಬಿರುಕುಗಳು ಮುಚ್ಚಿದರೆ ಆವಿಯಾಗುವ ನೀರು ಉಳಿಯುತ್ತದೆ.

ಒಂದು ಎಕರೆ ಎಂದರೆ ಸುಮಾರು 4047 ಚದರ ಮೀಟರ್. ಅದರ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ ನೀರು ಸುಮಾರು 81 ಸಾವಿರ ಲೀಟರ್. ಇದರಲ್ಲಿ ಎಷ್ಟು ಹರಿದು ಹಳ್ಳ ಸೇರುತ್ತದೆ, ಎಷ್ಟು ಹೊಲದಲ್ಲೇ ಇಂಗುತ್ತದೆ ಎಂಬುದೇ ಒಣಬೇಸಾಯದ ಜೀವಾಳ. ಅದಕ್ಕಾಗಿಯೇ ಒಡ್ಡು ಹಾಕಿ ಕಲ್ಲಿನ ಕೋಡಿ ಕಟ್ಟುತ್ತಾರೆ, ಮುಂಗಾರಿನಲ್ಲಿ ಖಾಲಿ ಹೊಲವನ್ನು ಚೌಕು ಮಡಿಗಳಾಗಿ ವಿಂಗಡಿಸುತ್ತಾರೆ. ವಿಜಯಪುರದಲ್ಲಿ 1930ರ ದಶಕದಲ್ಲೇ ಒಣಬೇಸಾಯದ ಸಂಶೋಧನಾ ಕೇಂದ್ರ ಶುರುವಾಯಿತು. ಆ ಕಾಲದ್ದೇ ಆದ ಎಂ 35-1 ಜೋಳ, ಸೊಲ್ಲಾಪುರದ ಕಡೆಯ ಮೋಹೋಳದಲ್ಲಿ ಸ್ಥಳೀಯ ಮಾಲದಂಡಿ ಜೋಳದಿಂದ ಆಯ್ದು ತೆಗೆದದ್ದು, ಇಂದಿಗೂ ನಮ್ಮ ಹೊಲಗಳಲ್ಲಿದೆ.

ಈಗ ನಮ್ಮ ಹಳೆಯ ಪ್ರಶ್ನೆ: ಚೌಕು ಮಡಿಯಿಂದ ಇಳುವರಿ ಹೆಚ್ಚುತ್ತದೆ ಎಂದು ಹೇಗೆ ಗೊತ್ತು? ರೈತರೊಬ್ಬರು ‘ಮಡಿ ಮಾಡಿದ ಹೊಲದಾಗ ಎರಡು ಚೀಲ ಹೆಚ್ಚಿಗೆ ಬಂತ್ರೀ’ ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಆ ಹೊಲ ತಗ್ಗಿನಲ್ಲಿದ್ದು ಅಲ್ಲಿ ಎರೆ ಆಳವಾಗಿದ್ದರೆ? ಮಡಿ ಮಾಡದಿದ್ದರೂ ಎರಡು ಚೀಲ ಹೆಚ್ಚು ಬರುತ್ತಿತ್ತೇನೋ. ಕಳೆದ ವರ್ಷಕ್ಕೆ ಹೋಲಿಸೋಣ ಎಂದರೆ ಈ ವರ್ಷದ ಮಳೆಯೇ ಬೇರೆ.

ಇದಕ್ಕೆ ಪರಿಹಾರ ಸೂಚಿಸಿದವರು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ರೊನಾಲ್ಡ್ ಫಿಶರ್. ಒಂದೇ ಹೊಲವನ್ನು ಹತ್ತು ತುಂಡು ಮಾಡಿ. ಯಾವ ಐದಕ್ಕೆ ಚೌಕು ಮಡಿ ಎಂಬುದನ್ನು ನೀವು ಆಯ್ಕೆ ಮಾಡಬೇಡಿ, ಚೀಟಿ ಎತ್ತಿ. ನಮ್ಮ ಮನಸ್ಸು ಗೊತ್ತಿಲ್ಲದೆಯೇ ಒಳ್ಳೆಯ ತುಂಡನ್ನು ಹುಡುಕುತ್ತದೆ, ಚೀಟಿಗೆ ಆ ಪಕ್ಷಪಾತವಿಲ್ಲ. ಸುಗ್ಗಿಯಾದ ಮೇಲೆ ಮಡಿ ಮಾಡಿದ ಐದೂ ತುಂಡುಗಳು ಉಳಿದ ಐದಕ್ಕಿಂತ ಹೆಚ್ಚು ಕೊಟ್ಟವು ಎನ್ನಿ. ಮಡಿಯಿಂದ ಏನೂ ಲಾಭವಿಲ್ಲದಿದ್ದರೂ ಬರೀ ಚೀಟಿಯ ಅದೃಷ್ಟದಿಂದ ಹೀಗಾಗಬಹುದೇ? ಆಗಬಹುದು. ಹತ್ತರಿಂದ ಐದನ್ನು ಆರಿಸಲು 252 ಬಗೆಗಳಿವೆ, ಅವುಗಳಲ್ಲಿ ಒಂದೇ ಒಂದು ಬಗೆ ಇದು. 252ರಲ್ಲಿ ಒಂದು ಸಲದ ಅದೃಷ್ಟವನ್ನು ನಂಬುವುದಕ್ಕಿಂತ ಮಡಿಯನ್ನು ನಂಬುವುದು ಮೇಲು. ಕ್ರಮಯೋಜನೆ, ವಿಕಲ್ಪಗಳ ಪಾಠವನ್ನು ಹುಡುಗರು ಯಾಕೆ ಓದಬೇಕು ಎಂದು ಕೇಳಿದರೆ ಹೇಳಲು ಒಂದು ಉತ್ತರವಾಯಿತು.

ಆದರೆ ಚೀಟಿ ಎತ್ತಿ ಮಾಡಿದ ಪ್ರಯೋಗ ಆ ಹೊಲಕ್ಕೆ, ಆ ವರ್ಷಕ್ಕೆ ಮಾತ್ರ ಉತ್ತರ ಕೊಡುತ್ತದೆ. ಮಸಾರಿ ಭೂಮಿಯಲ್ಲಿ ಏನಾಗುತ್ತದೆ, ಒಂದೇ ದಿನ 100 ಮಿಲಿಮೀಟರ್ ಸುರಿದಾಗ ಏನಾಗುತ್ತದೆ ಎಂದು ತಿಳಿಯಲು ಬೇರೆ ಬೇರೆ ಕಡೆ, ಹಲವು ವರ್ಷ ಮಾಡಬೇಕು. ಕೃಷಿ ಸಂಶೋಧನೆ ನಿಧಾನ ಎಂದು ಬೈಯುವವರು ಇದನ್ನು ಗಮನಿಸಬೇಕು. ಅವರಿಗೆ ವರ್ಷಕ್ಕೆ ಒಂದೇ ಹಿಂಗಾರಿ.

ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ 2008ರಲ್ಲಿ ಸ್ಥಾಪನೆಯಾಯಿತು. ಈ ಭಾಗದ ದಾಳಿಂಬೆ ಬೆಳೆಗಾರರನ್ನು ಕಂಗೆಡಿಸಿದ ದುಂಡಾಣು ಅಂಗಮಾರಿ ರೋಗದ್ದು ಇನ್ನೊಂದು ಬಗೆಯ ಪುರಾವೆ. ಕಾಯಿಯ ಮೇಲೆ ಕಪ್ಪು ಚುಕ್ಕೆ ಬಂದು ಸೀಳು ಬಿಟ್ಟಿದೆ, ಅಲ್ಲಿ ಕ್ಸಾಂಥೊಮೊನಾಸ್ ದುಂಡಾಣು ಸಿಕ್ಕಿದೆ. ಸಿಕ್ಕಿದ ಮಾತ್ರಕ್ಕೆ ಅದೇ ಅಪರಾಧಿಯೇ? ರಾಬರ್ಟ್ ಕಾಖ್ ಹಾಕಿಕೊಟ್ಟ ನಿಯಮದಂತೆ ಅದನ್ನು ಬೇರ್ಪಡಿಸಿ, ಶುದ್ಧವಾಗಿ ಬೆಳೆಸಿ, ಆರೋಗ್ಯವಾದ ಗಿಡಕ್ಕೆ ಹಚ್ಚಿ, ಅದೇ ರೋಗ ಬಂದದ್ದನ್ನು ಕಂಡು, ಅದರಿಂದ ಮತ್ತೆ ಅದೇ ದುಂಡಾಣುವನ್ನು ತೆಗೆದರೆ ಮಾತ್ರ ಆರೋಪ ನಿಲ್ಲುತ್ತದೆ. ಅಪರಾಧಿ ಯಾರೆಂದು ತಿಳಿಯದೆ ಸಿಕ್ಕ ಔಷಧಿಯನ್ನೆಲ್ಲ ಸಿಂಪಡಿಸಿದರೆ ತೋಟವೂ ಹೋಗುತ್ತದೆ, ಸಾಲವೂ ಉಳಿಯುತ್ತದೆ.

ಇಳಕಲ್ಲಿನ ಮಗ್ಗದ ಮುಂದೆ

ಇಳಕಲ್ ಗ್ರಾನೈಟ್ ದೇಶ ವಿದೇಶಗಳಿಗೆ ಹೋಗುತ್ತದೆ. ಅದರ ಗುಲಾಬಿ, ಕೆಂಪು ಬಣ್ಣ ಪೊಟ್ಯಾಸಿಯಂ ಇರುವ ಫೆಲ್ಡ್‌ಸ್ಪಾರ್ ಹರಳುಗಳದು. ಇದು ಕರ್ನಾಟಕದ 250 ಕೋಟಿ ವರ್ಷಗಳ ಆಸುಪಾಸಿನ ಗ್ರಾನೈಟ್‌ಗಳ ಬಳಗಕ್ಕೆ ಸೇರಿದ ಕಲ್ಲು. ಬಾದಾಮಿಯ ಮರಳುಗಲ್ಲಿಗಿಂತ ಬಹಳ ಹಿರಿಯದು. ಇದು ಅಗ್ನಿಶಿಲೆಯಾದ್ದರಿಂದ ಜಿರ್ಕಾನ್ ಹರಳು ಇಲ್ಲಿಯೇ ಹುಟ್ಟಿದ್ದು, ಯುರೇನಿಯಂ ಗಡಿಯಾರವನ್ನು ನೇರವಾಗಿ ಓದಬಹುದು.

ಆದರೆ ಇಳಕಲ್ ಎಂದರೆ ಎಲ್ಲರಿಗೂ ನೆನಪಾಗುವುದು ಸೀರೆ. ಅದರ ವಿಶೇಷ ಸೆರಗಿನಲ್ಲಿದೆ. ಒಡಲಿನ ಹಾಸು ಬೇರೆ, ಸೆರಗಿನ ಕೆಂಪು ರೇಷ್ಮೆಯ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದೊಂದಾಗಿ ಕೊಂಡಿಯಂತೆ ಸಿಕ್ಕಿಸಿ ಜೋಡಿಸುವುದಕ್ಕೆ ‘ತೋಪ್ ತೆನಿ’ ಎನ್ನುತ್ತಾರೆ. ಹೀಗೆ ಮಾಡಬೇಕಾದ್ದರಿಂದ ಹತ್ತು ಹದಿನೈದು ಸೀರೆಗಳಿಗೆ ಆಗುವಷ್ಟು ಉದ್ದದ ಹಾಸನ್ನು ಒಮ್ಮೆಲೇ ಹೂಡಲು ಬರುವುದಿಲ್ಲ. ಒಂದು ಸೀರೆಗೆ ಒಂದು ಹಾಸು. ಮಗ್ಗದ ಮೇಲೆ ಲಾಳಿ ಓಡುವ ಮುಂಚಿನ ಕೆಲಸ, ಅಂದರೆ ಹಾಸು ಹೂಡುವುದು, ಎಳೆ ಜೋಡಿಸುವುದು, ಕಂಡಿಕೆ ಸುತ್ತುವುದು ಇವು ಅಷ್ಟರಮಟ್ಟಿಗೆ ಹೆಚ್ಚು. ಈ ಕೆಲಸಗಳಲ್ಲಿ ದೊಡ್ಡ ಪಾಲು ಮನೆಯ ಹೆಂಗಸರದು.

ದೇಶದ ಮೂರನೆಯ ಕೈಮಗ್ಗ ಗಣತಿಯಲ್ಲಿ (2009-10) ನೇಕಾರರೂ ಪೂರಕ ಕೆಲಸಗಾರರೂ ಸೇರಿ 43.31 ಲಕ್ಷ ಜನ ಇದ್ದರು. ನಾಲ್ಕನೆಯದರಲ್ಲಿ (2019-20) 35.22 ಲಕ್ಷ. ಯೋಜನೆಗಳೂ ನೆರವೂ ಇಂಥ ಅಂಕಿಗಳ ಮೇಲೆ ನಡೆಯುತ್ತವೆ. ‘ನೇಕಾರ ಯಾರು?’ ಎಂದು ಗಣತಿದಾರ ಬಾಗಿಲಲ್ಲಿ ನಿಂತು ಕೇಳಿದಾಗ ಮನೆಯವರು ಕುಣಿಮಗ್ಗದಲ್ಲಿ ಕೂತವನನ್ನು ತೋರಿಸುತ್ತಾರೆ. ಕಂಡಿಕೆ ಸುತ್ತುವ ಅಜ್ಜಿ ತಾನು ಕೆಲಸ ಮಾಡುತ್ತಿದ್ದೇನೆ ಎಂದು ಹೇಳಿಕೊಳ್ಳುತ್ತಾಳೆಯೇ? ಶಾಲೆಯಿಂದ ಬಂದು ಎಳೆ ಜೋಡಿಸಲು ಕೂರುವ ಹುಡುಗಿಯ ಗಂಟೆಗಳು ಎಲ್ಲಿ ದಾಖಲಾಗುತ್ತವೆ? ಸೀರೆಯ ಕೂಲಿಯನ್ನು ನೇಯ್ದವನ ದಿನಗಳಿಂದ ಮಾತ್ರ ಭಾಗಿಸಿದರೆ ದಿನದ ಗಳಿಕೆ ಒಂದಾಗುತ್ತದೆ. ಮನೆಯ ಎಲ್ಲರ ಗಂಟೆಗಳಿಂದ ಭಾಗಿಸಿದರೆ ಇನ್ನೊಂದಾಗುತ್ತದೆ.

ಇದನ್ನು ತಿಳಿಯಲು ದೊಡ್ಡ ಅನುದಾನ ಬೇಕಿಲ್ಲ. ಇಳಕಲ್ಲಿನಲ್ಲೋ ಗುಳೇದಗುಡ್ಡದಲ್ಲೋ ಇರುವ ನಿಮ್ಮ ಶಾಲೆಯ ಹತ್ತು ಮಕ್ಕಳು ತಮ್ಮ ತಮ್ಮ ಮನೆಯಲ್ಲಿ, ದೊಡ್ಡವರ ಒಪ್ಪಿಗೆ ಪಡೆದು, ಒಂದು ಸೀರೆ ಶುರುವಾಗಿ ಮುಗಿಯುವ ತನಕ ಗಡಿಯಾರ ನೋಡಿ ಬರೆದಿಡಲಿ: ಯಾರು, ಯಾವ ಕೆಲಸ, ಎಷ್ಟು ಹೊತ್ತು. ಮೊದಲ ದಿನವೇ ಒಂದು ಜಗಳ ಬರುತ್ತದೆ. ಅಡುಗೆ ಮಾಡುತ್ತ ನಡುನಡುವೆ ಎದ್ದುಬಂದು ಕಂಡಿಕೆ ಸುತ್ತಿದ ತಾಯಿಯ ಹೊತ್ತನ್ನು ಹೇಗೆ ಬರೆಯುವುದು? ಹತ್ತೂ ಮಕ್ಕಳು ಕೂತು ಒಂದು ನಿಯಮ ಮಾಡಿಕೊಳ್ಳಲಿ, ಆ ನಿಯಮವನ್ನು ವಹಿಯ ಮೊದಲ ಪುಟದಲ್ಲಿ ಬರೆದು ತಾರೀಖು ಹಾಕಲಿ, ಅಂಕಿಗಳನ್ನು ಎರಡನೆಯ ಪುಟದಿಂದ ತುಂಬಲಿ.